ದಾದರ್ ರೈಲು ನಿಲ್ದಾಣ

ದಾದರ್ ಮುಂಬಯಿ ನಗರದ ನಡುಭಾಗದಲ್ಲಿರುವ ಉಪನಗರ ರೈಲು ನಿಲ್ದಾಣ. ಏಕವಚನದಲ್ಲಿ ಹೇಳುವುದು ರೂಢಿಯಾದರೂ ಲೆಕ್ಕಕ್ಕೆ ಇವು ಎರಡು ನಿಲ್ದಾಣಗಳು, ಒಂದು ಪಶ್ಚಿಮ ರೈಲ್ವೆಯದು, ಇನ್ನೊಂದು ಮಧ್ಯ ರೈಲ್ವೆಯದು. ಹೆಸರು ಒಂದೇ, ಗೋಡೆಗೆ ಗೋಡೆ ತಾಗಿದಂಥ ನೆರೆಹೊರೆ. ಆದರೆ ಆಡಳಿತ ಬೇರೆ, ರೈಲ್ವೆಯ ಕಡತಗಳಲ್ಲಿ ಸಂಕೇತಾಕ್ಷರವೂ ಬೇರೆ. ಚರ್ಚ್‌ಗೇಟ್‌ನಿಂದ ಉತ್ತರಕ್ಕೆ ಸುಮಾರು 10 ಕಿ.ಮೀ., ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್‌ನಿಂದ (ಸಿಎಸ್‌ಎಂಟಿ) ಸುಮಾರು 9 ಕಿ.ಮೀ. ದೂರದಲ್ಲಿ ಈ ಜೋಡಿ ಇದೆ. ಮುಂಬಯಿಯ ಎರಡು ಮುಖ್ಯ ಲೋಕಲ್ ಮಾರ್ಗಗಳಲ್ಲಿ ಒಂದರಿಂದ ಇನ್ನೊಂದಕ್ಕೆ ದಾಟಬೇಕಾದವರು ಒಂದೂವರೆ ಶತಮಾನದಿಂದ ಬಹುಮಟ್ಟಿಗೆ ಇಲ್ಲೇ ದಾಟುತ್ತ ಬಂದಿದ್ದಾರೆ.

ಮರಾಠಿಯಲ್ಲಿ ‘ದಾದರ್’ ಎಂದರೆ ಮರದ ಮೆಟ್ಟಿಲು, ಏಣಿ. ಮಾಹಿಮ್ ಕಡೆಗೆ ಹತ್ತಿಹೋಗುವ ಮೆಟ್ಟಿಲಿನಂತಿದ್ದ ಊರು ಎಂಬ ಅರ್ಥದಲ್ಲಿ ಹೆಸರು ಬಂತೆಂದು ಹೇಳುವುದುಂಟು. ವ್ಯುತ್ಪತ್ತಿ ಎಷ್ಟು ಗಟ್ಟಿಯೋ, ಇಂದಿನ ಪ್ರಯಾಣಿಕನಿಗಂತೂ ಅದನ್ನು ನಂಬಲು ಬೇರೆ ಸಾಕ್ಷಿ ಬೇಡ. ದಾದರ್‌ಗೆ ಬಂದವನು ಮೊದಲು ಮಾಡುವ ಕೆಲಸವೇ ಮೆಟ್ಟಿಲು ಹತ್ತುವುದು.

ಎರಡು ಕಂಪನಿಗಳ ಹಳಿ

ಈ ನಿಲ್ದಾಣವನ್ನು ಸಂಗಮವಾಗಲೆಂದು ಯಾರೂ ಯೋಜಿಸಿ ಕಟ್ಟಲಿಲ್ಲ. ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯು 1853ರ ಏಪ್ರಿಲ್ 16ರಂದು ಬೋರಿಬಂದರ್‌ನಿಂದ ಠಾಣೆಗೆ 34 ಕಿ.ಮೀ. ದೂರ ದೇಶದ ಮೊದಲ ಪ್ರಯಾಣಿಕರ ರೈಲನ್ನು ಓಡಿಸಿತು. ಅದರ ಗುರಿ ಘಟ್ಟ ಹತ್ತಿ ದಖ್ಖನಿನ ಹತ್ತಿಯನ್ನು ಬಂದರಿಗೆ ತರುವುದು. ಆದ್ದರಿಂದ ಹಳಿ ದ್ವೀಪದ ಪೂರ್ವದ ಕಡೆಯಿಂದ ಈಶಾನ್ಯಕ್ಕೆ, ಶೀವ್ ಕುರ್ಲಾಗಳ ಮೂಲಕ ಠಾಣೆಗೆ ಹೋಯಿತು. ಬಾಂಬೆ, ಬರೋಡಾ ಆ್ಯಂಡ್ ಸೆಂಟ್ರಲ್ ಇಂಡಿಯಾ ರೈಲ್ವೆ ಎಂಬ ಇನ್ನೊಂದು ಕಂಪನಿ ಗುಜರಾತಿನ ಕಡೆಯಿಂದ ಇಳಿದು ಬಂತು. ಅದರ ಹಳಿ ಮಾಹಿಮ್ ದಾಟಿ ಪಶ್ಚಿಮದ ಕರಾವಳಿಯ ಮಗ್ಗುಲಿಗೆ ಮಲಗಿತು. 1867ರ ಏಪ್ರಿಲ್‌ನಲ್ಲಿ ವಿರಾರ್‌ನಿಂದ ಬ್ಯಾಕ್‌ಬೇಗೆ ದಿನಕ್ಕೊಂದು ಗಾಡಿ ಓಡತೊಡಗಿತು. ಇಂದಿನ ಪಶ್ಚಿಮ ಮಾರ್ಗದ ಲೋಕಲ್‌ಗಳ ಮೂಲ ಅದೇ.

ಮುಂಬಯಿ ಉದ್ದನೆಯ ಇಕ್ಕಟ್ಟಾದ ದ್ವೀಪ. ದಕ್ಷಿಣದ ಕೋಟೆ ಪ್ರದೇಶಕ್ಕೆ ಹೋಗಲೇಬೇಕಾಗಿದ್ದ ಎರಡೂ ಹಳಿಗಳಿಗೆ ಒಂದಕ್ಕೊಂದು ಹತ್ತಿರ ಸರಿಯುವುದು ಬಿಟ್ಟು ದಾರಿ ಇರಲಿಲ್ಲ. ಉತ್ತರದಿಂದ ಬರುವಾಗ ಮೈಲುಗಟ್ಟಲೆ ದೂರ ಇದ್ದ ಅವು ದಾದರ್‌ನಲ್ಲಿ ಮಗ್ಗುಲಿಗೆ ಮಗ್ಗುಲಾದವು. ಆದರೂ ಪ್ರತಿಸ್ಪರ್ಧಿ ಕಂಪನಿಗಳು ಒಂದೇ ಸೂರಿನ ನಿಲ್ದಾಣ ಕಟ್ಟಲಿಲ್ಲ. ತಂತಮ್ಮ ಪ್ಲಾಟ್‌ಫಾರಂ, ತಂತಮ್ಮ ಕಟ್ಟಡ ಕಟ್ಟಿಕೊಂಡವು. ಆ ಎರಡು ಮನೆಗಳ ನಡುವೆ ಸೇತುವೆ ಬಂದ ಮೇಲಷ್ಟೇ ದಾದರ್ ಸಂಗಮವಾಯಿತು. 1951ರ ನವೆಂಬರ್ 5ರಂದು ಈ ಕಂಪನಿಗಳ ಜಾಗದಲ್ಲಿ ಮಧ್ಯ ರೈಲ್ವೆ, ಪಶ್ಚಿಮ ರೈಲ್ವೆ ಎಂಬ ವಲಯಗಳು ಹುಟ್ಟಿದರೂ ನಡುವಿನ ಗೆರೆ ಅಳಿಸಲಿಲ್ಲ. ಇಂದಿಗೂ ಒಂದು ವಲಯದ ಗಾಡಿ ತಡವಾದರೆ ಇನ್ನೊಂದು ವಲಯದ ಗಾಡಿ ಕಾಯುವುದಿಲ್ಲ.

ವಿದ್ಯುತ್ ಬಂದದ್ದು ಎರಡೂ ಕಡೆಗೆ ಸುಮಾರಾಗಿ ಒಂದೇ ಕಾಲಕ್ಕೆ. 1925ರ ಫೆಬ್ರವರಿ 3ರಂದು ಹಾರ್ಬರ್ ಮಾರ್ಗದಲ್ಲಿ ವಿಕ್ಟೋರಿಯಾ ಟರ್ಮಿನಸ್‌ನಿಂದ (ಇಂದಿನ ಸಿಎಸ್‌ಎಂಟಿ) ಕುರ್ಲಾಕ್ಕೆ ದೇಶದ ಮೊದಲ ವಿದ್ಯುತ್ ರೈಲು ಓಡಿತು. 1928ರ ಜನವರಿಯಲ್ಲಿ ಕೊಲಾಬಾ ಬೋರಿವಲಿ ನಡುವೆ ಪಶ್ಚಿಮದವರೂ ಓಡಿಸಿದರು. ಹೊಗೆ ಹೋಗಿ ವೇಗ ಬಂದಾಗ ಊರು ಉತ್ತರಕ್ಕೆ ಬೆಳೆಯಿತು. ಊರು ಬೆಳೆದಷ್ಟೂ ದಾದರ್‌ನ ಸೇತುವೆಯ ಮೇಲೆ ಕಾಲುಗಳು ಹೆಚ್ಚಿದವು.

ಕಾಲೊನಿ, ಗಿರಣಿ, ಟ್ರಾಮ್

1896ರ ಪ್ಲೇಗ್ ಮುಂಬಯಿಯ ಹಳೆಯ ಕೇರಿಗಳನ್ನು ಬರಿದು ಮಾಡಿತು. ಗಾಳಿ ಬೆಳಕಿನ ಹೊಸ ಬಡಾವಣೆಗಳನ್ನು ಮಾಡಲು 1898ರಲ್ಲಿ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು. ಅದರ ದಾದರ್ ಮಾಟುಂಗಾ ಯೋಜನೆಯಿಂದ ಹಳಿಯ ಪೂರ್ವಕ್ಕೆ ಅಗಲ ರಸ್ತೆಯ, ಮರಗಳ ಸಾಲಿನ ವಸತಿ ಎದ್ದಿತು. ಮಂಚೇರ್‌ಜಿ ಜೋಶಿಯವರು ನೆಲೆಗೊಳಿಸಿದ ಪಾರ್ಸಿ ಕಾಲೊನಿ, ಅದರ ನೆರೆಯ ಹಿಂದೂ ಕಾಲೊನಿ ಇಲ್ಲಿವೆ. ಅಂಬೇಡ್ಕರ್ ಅವರ ಮನೆ ‘ರಾಜಗೃಹ’ ಇರುವುದು ಹಿಂದೂ ಕಾಲೊನಿಯಲ್ಲಿ. ದಾದಾಸಾಹೇಬ್ ಫಾಲ್ಕೆಯವರು 1913ರಲ್ಲಿ ತೆರೆಕಂಡ ‘ರಾಜಾ ಹರಿಶ್ಚಂದ್ರ’ಕ್ಕೆ ಸ್ಟುಡಿಯೊ ಮಾಡಿಕೊಂಡದ್ದೂ ದಾದರ್‌ನ ಮನೆಯೊಂದರಲ್ಲೇ.

ದಕ್ಷಿಣಕ್ಕೆ ಗಿರಣಗಾಂವ್, ಅಂದರೆ ಬಟ್ಟೆ ಗಿರಣಿಗಳ ಊರು. ಗಿರಣಿ ಕಾರ್ಮಿಕ ಚಾಳಿನಿಂದ ಭೋಂಗಾ, ಅಂದರೆ ಗಿರಣಿಯ ಸೈರನ್, ಕೇಳಿ ನಡೆದುಕೊಂಡೇ ಪಾಳಿಗೆ ಹೋಗುತ್ತಿದ್ದ, ಅವನಿಗೆ ಲೋಕಲ್ ದಿನನಿತ್ಯದ ಅಗತ್ಯವಾಗಿರಲಿಲ್ಲ. ದತ್ತಾ ಸಾಮಂತ್ ನೇತೃತ್ವದಲ್ಲಿ 1982ರ ಜನವರಿಯಲ್ಲಿ ಆರಂಭವಾದ ಮುಷ್ಕರದ ನಂತರ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಆ ನೆಲದ ಮೇಲೆ ಗಾಜಿನ ಕಚೇರಿಗಳು, ಮಾಲ್‌ಗಳು ಬಂದವು. ಅಲ್ಲಿ ದುಡಿಯುವವರು ಚಾಳಿನವರಲ್ಲ. ವಿರಾರ್‌ನಿಂದ, ಕಲ್ಯಾಣ್‌ನಿಂದ, ಬದ್ಲಾಪುರದಿಂದ ಗಾಡಿ ಹಿಡಿದು ಬರುವವರು. ದಾದರ್, ಪರೇಲ್ ಸುತ್ತಿನ ಪ್ಲಾಟ್‌ಫಾರಂಗಳು ಕಳೆದ ಮೂರು ದಶಕಗಳಲ್ಲಿ ಯಾಕೆ ಹೀಗೆ ತುಂಬಿ ತುಳುಕಿದವು ಎಂಬುದಕ್ಕೆ ರೈಲ್ವೆಯ ಅಂಕಿಅಂಶಕ್ಕಿಂತ ಈ ಗಿರಣಿಗಳ ಕಥೆಯೇ ಹೆಚ್ಚು ಉತ್ತರ ಕೊಡುತ್ತದೆ.

ಪೂರ್ವದ ಬಾಗಿಲಿನಿಂದ ಸ್ವಲ್ಪ ನಡೆದರೆ ದಾದರ್ ಟಿ.ಟಿ. ಬಸ್ಸು, ಟ್ಯಾಕ್ಸಿಯವರ ಬಾಯಲ್ಲಿ ದಿನವೂ ಉಳಿದಿರುವ ಈ ಎರಡಕ್ಷರದ ಪೂರ್ಣರೂಪ ಟ್ರಾಮ್ ಟರ್ಮಿನಸ್. ಮುಂಬಯಿಯ ಕೊನೆಯ ಟ್ರಾಮ್ ಬೋರಿಬಂದರ್‌ನಿಂದ ಇಲ್ಲಿಗೆ ಬಂದು ನಿಂತದ್ದು 1964ರ ಮಾರ್ಚ್ 31ರ ರಾತ್ರಿ. ಹಳಿ ಕಿತ್ತು ಅರವತ್ತು ವರ್ಷ ದಾಟಿದೆ, ಹೆಸರು ಮಾತ್ರ ಕದಲಿಲ್ಲ. ಪುಣೆಗೆ ಹೋಗುವ ಸರ್ಕಾರಿ ಬಸ್ಸುಗಳೂ ಶೇರ್ ಟ್ಯಾಕ್ಸಿಗಳೂ ಈ ಪೂರ್ವಭಾಗದಿಂದಲೇ ಹೊರಡುತ್ತವೆ.

ಬದಲಿಸುವುದು ಹೇಗೆ

ದಾದರ್‌ನಲ್ಲಿ ನಡೆಯುವ ಗಾಡಿ ಬದಲಾವಣೆ ಎರಡು ಬಗೆಯದು. ಮೊದಲನೆಯದು ಮಾರ್ಗದ ಬದಲಾವಣೆ, ಅಂದರೆ ಸೆಂಟ್ರಲ್‌ನಿಂದ ವೆಸ್ಟರ್ನ್‌ಗೆ ಅಥವಾ ತಿರುಗಿ. ನಕಾಶೆಯಲ್ಲಿ ನೋಡಿದರೆ ಮುಂಬಯಿಯ ರೈಲುಮಾರ್ಗಗಳೆಲ್ಲ ಉತ್ತರ ದಕ್ಷಿಣವಾಗಿವೆ. ಮೆಟ್ರೊ ಬರುವ ಮೊದಲು ಪೂರ್ವ ಪಶ್ಚಿಮ ಹೊಲಿಗೆ ಇರಲಿಲ್ಲ. ಘಾಟ್‌ಕೋಪರ್‌ನಿಂದ ಅಂಧೇರಿಗೆ ಹೋಗಬೇಕಾದವನು ರೈಲನ್ನೇ ನಂಬಿದರೆ ಮೊದಲು ದಕ್ಷಿಣಕ್ಕೆ ದಾದರ್‌ವರೆಗೆ ಇಳಿದು, ಸೇತುವೆ ದಾಟಿ, ಮತ್ತೆ ಉತ್ತರಕ್ಕೆ ಏರಬೇಕಾಗಿತ್ತು. ಒಟ್ಟು ಸುಮಾರು 22 ಕಿ.ಮೀ. ಮಗ್ಗುಲ ಮನೆಗೆ ಹೋಗಲು ಊರ ಬಾಗಿಲಿಗೆ ಹೋಗಿ ಬಂದ ಹಾಗೆ. ಆದರೂ ಬಸ್ಸಿನಲ್ಲಿ ಸಿಗ್ನಲ್ ಕಾಯುವುದಕ್ಕಿಂತ ಈ ಸುತ್ತುದಾರಿ ಬೇಗ ಎಂಬ ಲೆಕ್ಕ ಸಾವಿರಾರು ಜನರದಾಗಿತ್ತು. ಟಿಕೆಟ್ ಮಾತ್ರ ಒಂದೇ ಸಾಕು. ಎರಡೂ ಮಾರ್ಗಕ್ಕೆ ಸಲ್ಲುವ ಅಂಥ ಟಿಕೆಟ್ಟಿನ, ತಿಂಗಳ ಪಾಸಿನ ಮೇಲೆ ‘ವಯಾ’ ಎಂಬ ಮಾತಿನ ಮುಂದೆ ದಾದರ್‌ನ ಸಂಕೇತಾಕ್ಷರ ಅಚ್ಚಾಗಿರುತ್ತದೆ.

ಎರಡನೆಯದು ಹೊರಗಿನವರ ಗಮನಕ್ಕೆ ಬಾರದ್ದು, ಒಂದೇ ಮಾರ್ಗದಲ್ಲಿ ಫಾಸ್ಟ್ ಗಾಡಿಯಿಂದ ಸ್ಲೋ ಗಾಡಿಗೆ. ಸೆಂಟ್ರಲ್‌ನ ಫಾಸ್ಟ್ ಗಾಡಿಗಳು ಸಿಎಸ್‌ಎಂಟಿ ಬಿಟ್ಟರೆ ಭಾಯಖಳಾ, ದಾದರ್, ಕುರ್ಲಾ, ಘಾಟ್‌ಕೋಪರ್ ಎಂದು ಹಾರುತ್ತ ಹೋಗುತ್ತವೆ. ಪಶ್ಚಿಮದವು ಚರ್ಚ್‌ಗೇಟ್ ಕಡೆಯಿಂದ ಮುಂಬಯಿ ಸೆಂಟ್ರಲ್, ದಾದರ್, ಬಾಂದ್ರಾ, ಅಂಧೇರಿ, ಬೋರಿವಲಿ. ಯಾವ ಫಾಸ್ಟ್ ಗಾಡಿಯೂ ದಾದರ್ ತಪ್ಪಿಸುವುದು ಅಪರೂಪ. ಹಾಗಾಗಿ ನಡುವಣ ಸಣ್ಣ ನಿಲ್ದಾಣಗಳಿಗೆ ಹೋಗುವವರು ದಾದರ್‌ವರೆಗೆ ಫಾಸ್ಟ್‌ನಲ್ಲಿ ಬಂದು, ಇಳಿದು, ಸ್ಲೋ ಹಿಡಿಯುತ್ತಾರೆ.

ಗಾಡಿ ಇಲ್ಲಿ ನಿಲ್ಲುವುದು ಅರ್ಧ ನಿಮಿಷದ ಆಸುಪಾಸು. ಅಷ್ಟರಲ್ಲಿ ಒಂದು ಡಬ್ಬಿಯಿಂದ ನೂರಾರು ಜನ ಇಳಿಯಬೇಕು, ನೂರಾರು ಹತ್ತಬೇಕು. ಇದು ಸಾಧ್ಯವಾಗುವುದು ಪ್ರಯಾಣಿಕರೇ ಕಟ್ಟಿಕೊಂಡ ಶಿಸ್ತಿನಿಂದ. ಇಳಿಯುವವನು ಒಂದೆರಡು ನಿಲ್ದಾಣ ಮೊದಲೇ ಬಾಗಿಲ ಕಡೆ ಸರಿಯುತ್ತಾನೆ. ಮುಂದಿರುವವನ ಬೆನ್ನು ತಟ್ಟಿ ‘ದಾದರ್?’ ಎಂದು ಒಂದೇ ಪದದಲ್ಲಿ ಕೇಳುತ್ತಾನೆ. ಹೌದೆಂದರೆ ಅವನ ಹಿಂದೆಯೇ ನಿಂತರಾಯಿತು, ಇಲ್ಲವೆಂದರೆ ಜಾಗ ಅದಲುಬದಲು. ಪ್ಲಾಟ್‌ಫಾರಂ ಯಾವ ಮಗ್ಗುಲಿಗೆ ಬರುತ್ತದೆ, ಯಾವ ಡಬ್ಬಿಯ ಬಾಗಿಲಿಗೆ ನೇರವಾಗಿ ಸೇತುವೆಯ ಮೆಟ್ಟಿಲು ಸಿಗುತ್ತದೆ ಎಂಬುದು ನಿತ್ಯದವರಿಗೆ ಬಾಯಿಪಾಠ. ದಾದರ್‌ನಲ್ಲಿ ಇಳಿಯುವುದಕ್ಕೆ ಕಾಲು ಎತ್ತಿಡುವುದೇ ಬೇಡ, ಹಿಂದಿನವರು ಇಳಿಸುತ್ತಾರೆ ಎಂಬುದು ಹಳೆಯ ಮಾತು. ತಮಾಷೆಯಂತೆ ಕಂಡರೂ ಅದು ಬಹುತೇಕ ವರದಿಯೇ. ಚದರ ಮೀಟರಿಗೆ 14ರಿಂದ 16 ಜನ ನಿಂತಿರುವ ಸ್ಥಿತಿಗೆ ರೈಲ್ವೆ ಭಾಷೆಯಲ್ಲಿ ಪ್ರತ್ಯೇಕ ಪಾರಿಭಾಷಿಕ ಪದವೇ ಹುಟ್ಟಿಕೊಂಡಿದೆ.

ಮಳೆಗಾಲದಲ್ಲಿ ದಾದರ್‌ನ ಪಾತ್ರ ಬೇರೆಯೇ. ಶೀವ್ ಕುರ್ಲಾ ನಡುವಿನ ತಗ್ಗಿನಲ್ಲಿ ನೀರು ನಿಂತು ಸೆಂಟ್ರಲ್ ಸ್ತಬ್ಧವಾದರೆ ಆ ಜನವೆಲ್ಲ ಸೇತುವೆ ದಾಟಿ ವೆಸ್ಟರ್ನ್‌ಗೆ ಬಂದು ಬೀಳುತ್ತಾರೆ. ಸಾಂತಾಕ್ರೂಜ್‌ನಲ್ಲಿ ಇಪ್ಪತ್ನಾಲ್ಕು ಗಂಟೆಯಲ್ಲಿ 944 ಮಿ.ಮೀ. ಮಳೆ ಸುರಿದ 2005ರ ಜುಲೈ 26ರಂದು ಎರಡೂ ನಿಂತವು. ಅಂದು ಜನ ಹಳಿಯ ಮೇಲೂ ರಸ್ತೆಯ ಮೇಲೂ ನಡೆದೇ ಮನೆ ಸೇರಬೇಕಾಯಿತು.

ಒಂದು, ಎರಡು, ಮತ್ತೆ ಒಂದು

ಎರಡು ನಿಲ್ದಾಣಗಳ ಪ್ರತ್ಯೇಕತೆ ಅತಿ ಹೆಚ್ಚು ಕಾಡಿದ್ದು ಪ್ಲಾಟ್‌ಫಾರಂ ಸಂಖ್ಯೆಯಲ್ಲಿ. ಪಶ್ಚಿಮದ ಬೀದಿಯ ಕಡೆಯಿಂದ ಎಣಿಸಿದರೆ ಪಶ್ಚಿಮ ರೈಲ್ವೆಯ 1ರಿಂದ 7. ಅದು ಮುಗಿದೊಡನೆ 8 ಬರಬೇಕಾದ ಜಾಗದಲ್ಲಿ ಮಧ್ಯ ರೈಲ್ವೆಯ 1 ಮತ್ತೆ ಶುರುವಾಗುತ್ತಿತ್ತು. ‘ನಾಲ್ಕನೆಯ ಪ್ಲಾಟ್‌ಫಾರಂನಲ್ಲಿ ಸಿಗುತ್ತೇನೆ’ ಎಂದವರಿಬ್ಬರು ಎರಡು ನಾಲ್ಕರಲ್ಲಿ ನಿಂತು ಒಬ್ಬರನ್ನೊಬ್ಬರು ಬಯ್ದುಕೊಳ್ಳುವುದು ಸಾಮಾನ್ಯವಾಗಿತ್ತು. ದೂರದೂರಿನ ಗಾಡಿಗೆ ಪೆಟ್ಟಿಗೆ ಹೊತ್ತು ಬಂದವರ ಪಾಡು ಇನ್ನೂ ಕಷ್ಟವಾಗಿತ್ತು. 2023ರಲ್ಲಿ ಮಧ್ಯ ರೈಲ್ವೆ ತನ್ನ ಎರಡನೆಯ ಪ್ಲಾಟ್‌ಫಾರಂ ತೆಗೆದು ಇಕ್ಕಟ್ಟಾಗಿದ್ದ ಒಂದನೆಯದನ್ನು ಅಗಲಗೊಳಿಸಿತು. ಅದೇ ವರ್ಷದ ಡಿಸೆಂಬರ್ 9ರಿಂದ ಮಧ್ಯ ರೈಲ್ವೆಯವಕ್ಕೆ 8ರಿಂದ 14ರವರೆಗೆ ಸಂಖ್ಯೆ ಕೊಡಲಾಯಿತು. ಹೊಸ ಹಳಿ, ಹೊಸ ಕಟ್ಟಡ ಏನೂ ಇಲ್ಲದೆ ಫಲಕಗಳನ್ನು ಬದಲಿಸಿ ಮಾಡಿದ ಸುಧಾರಣೆ. ಪ್ರಯಾಣಿಕನ ಕಣ್ಣಿನಲ್ಲಿ ಎರಡು ನಿಲ್ದಾಣಗಳು ಒಂದಾದದ್ದು ಅಂದೇ ಎನ್ನಬಹುದು. ಎಷ್ಟು ಸರಳವಾಗಿತ್ತೋ ಅಷ್ಟೇ ತಡವಾಗಿ ಬಂತು.

ಪಶ್ಚಿಮದ ಬಾಗಿಲು

ಪಶ್ಚಿಮಕ್ಕೆ ಇಳಿದರೆ ನಿಲ್ದಾಣ ಎಲ್ಲಿ ಮುಗಿಯಿತು, ಮಾರುಕಟ್ಟೆ ಎಲ್ಲಿ ಶುರುವಾಯಿತು ಎಂದು ಹೇಳುವುದು ಕಷ್ಟ. ಸೇನಾಪತಿ ಬಾಪಟ್ ರಸ್ತೆಯ ಮೀನಾತಾಯಿ ಠಾಕ್ರೆ ಹೂವಿನ ಮಾರುಕಟ್ಟೆ ಬೆಳಗಿನ ಮೊದಲ ಲೋಕಲ್‌ಗಳ ಹೊತ್ತಿಗೇ ಎದ್ದಿರುತ್ತದೆ. ಚೆಂಡುಹೂವಿನ ರಾಶಿ, ತರಕಾರಿ ಗಾಡಿ, ಬಟ್ಟೆ ಅಂಗಡಿ, ರಾನಡೆ ರಸ್ತೆಯ ಹಬ್ಬದ ಸಂತೆ ಎಲ್ಲ ಒಂದಕ್ಕೊಂದು ಹೆಣೆದುಕೊಂಡಿವೆ. ಗಾಡಿ ಬದಲಿಸುವ ನೆಪದಲ್ಲಿ ಇಳಿದು ಸಂಜೆಯ ಸೊಪ್ಪು ಕೊಂಡು ಮತ್ತೆ ಗಾಡಿ ಹತ್ತುವ ಗೃಹಿಣಿಯರು, ಕುಳಿತ ಜಾಗದಲ್ಲೇ ಮಡಿಲಲ್ಲಿ ಬಟಾಣಿ ಸುಲಿಯುತ್ತ ಮನೆ ಸೇರುವವರು, ಇವರಿಂದಲೇ ಈ ಸಂತೆ ಬದುಕಿದೆ. ಮುಂಬಯಿಯ ವಡಾಪಾವ್ ಕೂಡ ಇಲ್ಲಿಯದೇ. 1966ರಲ್ಲಿ ದಾದರ್ ನಿಲ್ದಾಣದ ಹೊರಗೆ ಅಶೋಕ್ ವೈದ್ಯ ಎಂಬವರು ಬಟಾಟೆ ವಡೆಯನ್ನು ಪಾವಿನೊಳಗಿಟ್ಟು ಮಾರಲು ತೊಡಗಿದರು ಎಂಬುದು ಪ್ರಚಲಿತ ಕಥೆ. ಕುಳಿತು ಉಣ್ಣಲು ಹೊತ್ತಿಲ್ಲದೆ, ಒಂದು ಕೈಯಲ್ಲಿ ಚೀಲ ಹಿಡಿದು ಸೇತುವೆ ಹತ್ತುವವನಿಗೆ ಬೇಕಾದ ತಿಂಡಿ ಇನ್ನು ಹೇಗಿದ್ದೀತು!

ಪ್ರತಿ ಡಿಸೆಂಬರ್ 6ರಂದು, ಅಂಬೇಡ್ಕರ್ ಅವರ ಮಹಾಪರಿನಿರ್ವಾಣ ದಿನ, ನಿಲ್ದಾಣದ ಜನಪ್ರವಾಹದ ದಿಕ್ಕೇ ಬದಲಾಗುತ್ತದೆ. ದೇಶದ ನಾನಾ ಕಡೆಗಳಿಂದ ಬರುವ ಲಕ್ಷಾಂತರ ಜನ ದಾದರ್‌ನಲ್ಲಿ ಇಳಿದು, ಗಾಡಿ ಬದಲಿಸದೆ, ಕಡಲತೀರದ ಸ್ಮಾರಕ ಚೈತ್ಯಭೂಮಿಗೆ ನಡೆಯುತ್ತಾರೆ. ರೈಲ್ವೆಯವರು ಆ ದಿನಗಳಿಗೆ ವಿಶೇಷ ಗಾಡಿ ಬಿಡುತ್ತಾರೆ.

ಇಕ್ಕಟ್ಟಿನ ಬೆಲೆ

ದಾದರ್‌ನ ಹೊರೆ ಹಂಚಿಕೊಳ್ಳಬಲ್ಲ ಜಾಗ ದಕ್ಷಿಣಕ್ಕೆ ಮುಂದಿನ ನಿಲ್ದಾಣದಲ್ಲೇ ಇದೆ. ಅಲ್ಲಿ ಮಧ್ಯ ರೈಲ್ವೆಯ ಪರೇಲ್, ಪಶ್ಚಿಮದ ಎಲ್ಫಿನ್‌ಸ್ಟನ್ ರೋಡ್ ನೆರೆಹೊರೆಯವು. ಗಿರಣಿ ನೆಲದ ಕಚೇರಿಗಳಿಗೆ ಇವೇ ಬಾಗಿಲು. ಎರಡನ್ನೂ ಕೂಡಿಸುತ್ತಿದ್ದದ್ದು ಹಳೆಯ ಕಿರಿದಾದ ಕಾಲುಸೇತುವೆ. 2017ರ ಸೆಪ್ಟೆಂಬರ್ 29ರ ಬೆಳಿಗ್ಗೆ ಜೋರು ಮಳೆಗೆ ಜನ ಸೇತುವೆಯ ಮೇಲೆಯೇ ನಿಂತರು. ಕೆಳಗೆ ಒಂದರ ಹಿಂದೊಂದು ಗಾಡಿ ಬಂದು ಜನರನ್ನು ಸುರಿಯುತ್ತಲೇ ಇದ್ದವು. ಮೆಟ್ಟಿಲ ಮೇಲೆ ಆದ ಕಾಲ್ತುಳಿತದಲ್ಲಿ 23 ಜನ ಸತ್ತರು. ಆ ಬಳಿಕ ಸೇನೆಯ ಎಂಜಿನಿಯರುಗಳು ಕಟ್ಟಿದ ಹೊಸ ಕಾಲುಸೇತುವೆ 2018ರ ಫೆಬ್ರವರಿಯಲ್ಲಿ ತೆರೆಯಿತು. ಅದೇ ವರ್ಷದ ಜುಲೈನಲ್ಲಿ ಎಲ್ಫಿನ್‌ಸ್ಟನ್ ರೋಡ್‌ಗೆ ಪ್ರಭಾದೇವಿ ಎಂದು ಹೆಸರಿಟ್ಟರು. ಉಪನಗರ ರೈಲಿನ ಯೋಜನೆಗಳು ಬಹುಕಾಲ ಗಾಡಿಯ ಉದ್ದ, ಗಾಡಿಯ ಸಂಖ್ಯೆಗಳನ್ನೇ ಎಣಿಸಿದವು. ಒಂಬತ್ತು ಡಬ್ಬಿಯದನ್ನು ಹನ್ನೆರಡು ಮಾಡಿದರು, ಹದಿನೈದೂ ಮಾಡಿದರು. ಅಷ್ಟು ಜನ ಇಳಿದ ಮೇಲೆ ಹತ್ತಬೇಕಾದ ಮೆಟ್ಟಿಲು ಎಷ್ಟು ಅಗಲವಿದೆ ಎಂದು ಕೇಳಿದ್ದು ಈ ದುರಂತದ ನಂತರ. ಅದಾದ ಮೇಲೆ ದಾದರ್ ಸೇರಿದಂತೆ ಹಲವು ಕಡೆ ಸೇತುವೆಗಳೂ ಎಸ್ಕಲೇಟರ್‌ಗಳೂ ಹೆಚ್ಚಿದವು.

ಕನ್ನಡದ ಗಾಡಿಗಳು

ಲೋಕಲ್‌ಗಳಷ್ಟೇ ಅಲ್ಲ, ದೂರದ ಗಾಡಿಗಳೂ ದಾದರ್‌ನಿಂದ ಹೊರಡುತ್ತವೆ. ಪಶ್ಚಿಮದಿಂದ ಬಿಕಾನೇರ್, ಭುಜ್ ಕಡೆಗೆ. ಮಧ್ಯ ರೈಲ್ವೆಯಿಂದ ಕೊಂಕಣದ ಸಾವಂತವಾಡಿಗೆ. ಸಾವಂತವಾಡಿಯ ಗಾಡಿಗೆ ಮರಾಠಿ ಕವಿ ಕೇಶವಸುತರ ಕವಿತೆಯೊಂದರ ನೆನಪಿನಲ್ಲಿ ‘ತುತಾರಿ’ ಎಂಬ ಹೆಸರು. ಗಣೇಶ ಚೌತಿಗೆ ಊರಿಗೆ ಹೊರಟವರಿಂದ ಅದು ಬಿರಿಯುತ್ತದೆ. ಕನ್ನಡಿಗರಿಗೆ ಪರಿಚಿತವಾದವು ಮೈಸೂರಿಗೆ ಹೋಗುವ ಶರಾವತಿ ಎಕ್ಸ್‌ಪ್ರೆಸ್, ಪುದುಚೇರಿ ಮತ್ತು ತಿರುನೆಲ್ವೇಲಿಗೆ ಹೋಗುವ ಚಾಲುಕ್ಯ ಎಕ್ಸ್‌ಪ್ರೆಸ್‌ಗಳು. ವಾರದ ಬೇರೆ ಬೇರೆ ದಿನಗಳಲ್ಲಿ ರಾತ್ರಿ ಹೊರಟು ಪುಣೆ, ಮಿರಜ್, ಬೆಳಗಾವಿ, ಹುಬ್ಬಳ್ಳಿಯ ಮೂಲಕ ಸಾಗುವ ಇವು ಉತ್ತರ ಕರ್ನಾಟಕದವರ ಆಸರೆ. ಉಡುಪಿ, ಮಂಗಳೂರು ಕಡೆಯವರ ಮತ್ಸ್ಯಗಂಧಾ ಮಾತ್ರ ಕುರ್ಲಾ ಬಳಿಯ ಲೋಕಮಾನ್ಯ ತಿಲಕ್ ಟರ್ಮಿನಸ್‌ನಿಂದ ಹೊರಡುತ್ತದೆ. ಬೋರಿವಲಿ, ಅಂಧೇರಿ ಕಡೆಯ ಕರಾವಳಿಗರಲ್ಲಿ ಎಷ್ಟೋ ಮಂದಿ ಅದನ್ನು ಹಿಡಿಯಲು ಮೊದಲು ದಾದರ್‌ಗೆ ಬಂದು, ಪೆಟ್ಟಿಗೆ ಹೊತ್ತು ಸೇತುವೆ ದಾಟಿ, ಕುರ್ಲಾ ಕಡೆಯ ಲೋಕಲ್ ಹತ್ತುವುದುಂಟು.

ಉತ್ತರದ ಮುಂದಿನ ನಿಲ್ದಾಣ ಮಾಟುಂಗಾ, ಮುಂಬಯಿ ಕನ್ನಡದ ಹಳೆಯ ನೆಲೆ. 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಷನ್ ಇಲ್ಲಿದೆ. ಪಶ್ಚಿಮದ ಮಗ್ಗುಲಿಗೆ ಕರ್ನಾಟಕ ಸಂಘದ ವಿಶ್ವೇಶ್ವರಯ್ಯ ಸ್ಮಾರಕ ಸಭಾಂಗಣವಿದೆ. ನಿಲ್ದಾಣದ ಎದುರೇ 1942ರಿಂದ ಬಾಳೆಲೆ ಊಟ ಬಡಿಸುತ್ತಿರುವ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇದೆ. ಆದರೆ ಮಾಟುಂಗಾ ಸ್ಲೋ ಗಾಡಿಯವರ ನಿಲ್ದಾಣ. ಡೊಂಬಿವಲಿಯಿಂದ ಯಕ್ಷಗಾನ ನೋಡಲು ಬರುವವನು ಫಾಸ್ಟ್ ಹಿಡಿದರೆ ಮಾಟುಂಗಾ ಕಣ್ಣೆದುರೇ ಹಿಂದೆ ಸರಿಯುತ್ತದೆ. ದಾದರ್‌ನಲ್ಲಿ ಇಳಿದು ಸ್ಲೋ ಹಿಡಿದು ಒಂದು ನಿಲ್ದಾಣ ಹಿಂದಕ್ಕೆ ಬರಬೇಕು. ಕಾರ್ಯಕ್ರಮ ಮುಗಿದು ರಾತ್ರಿ ಮನೆಗೆ ಹೊರಟವರ ವಿದಾಯದ ಮಾತು, ವಾರಪೂರ್ತಿ ಸಿಗದ ಗೆಳೆಯರ ಹರಟೆ ದಾದರ್‌ನ ಸೇತುವೆಯ ತನಕ ಬೆಳೆಯುವುದುಂಟು; ಅಲ್ಲಿ ವೆಸ್ಟರ್ನ್‌ನವರು ಒಂದು ಕಡೆ, ಸೆಂಟ್ರಲ್‌ನವರು ಇನ್ನೊಂದು ಕಡೆ. ಯಶವಂತ ಚಿತ್ತಾಲ, ಜಯಂತ ಕಾಯ್ಕಿಣಿ ಮುಂತಾದವರ ಮುಂಬಯಿ ಕಥಾಲೋಕವನ್ನು ಓದಿದವರಿಗೆ ಈ ಲೋಕಲ್ ಬದುಕಿನ ಲಯ ಹೊಸದಲ್ಲ.

ಹೊರೆ ಹಂಚುವ ಯತ್ನಗಳು

2014ರ ಜೂನ್‌ನಲ್ಲಿ ವರ್ಸೋವಾ ಅಂಧೇರಿ ಘಾಟ್‌ಕೋಪರ್ ಮೆಟ್ರೊ ತೆರೆದಾಗ ಮುಂಬಯಿಗೆ ಮೊದಲ ಬಾರಿಗೆ ಪೂರ್ವ ಪಶ್ಚಿಮ ಹೊಲಿಗೆ ಬಿತ್ತು. ಇಡೀ ಹಾದಿ 11.4 ಕಿ.ಮೀ. ಘಾಟ್‌ಕೋಪರ್‌ನಿಂದ ಅಂಧೇರಿಗೆ ಹೋಗಲು ದಾದರ್ ಸುತ್ತಿ ಬರುವ ಅಗತ್ಯ ತಪ್ಪಿತು. 2019ರ ಮಾರ್ಚ್‌ನಲ್ಲಿ ಪರೇಲ್ ಲೋಕಲ್‌ಗಳ ಕೊನೆ ನಿಲ್ದಾಣವೂ ಆಯಿತು. 2024ರ ಅಕ್ಟೋಬರ್‌ನ ವೇಳಾಪಟ್ಟಿಯಲ್ಲಿ ದಾದರ್‌ನಿಂದಲೇ ಹೊರಡುತ್ತಿದ್ದ ಮಧ್ಯ ರೈಲ್ವೆಯ ಹಲವು ಲೋಕಲ್‌ಗಳನ್ನು ಪರೇಲ್‌ಗೆ ಸಾಗಿಸಿದರು. ‘ದಾದರ್ ಲೋಕಲ್’ ಹಿಡಿದರೆ ಕುಳಿತುಕೊಳ್ಳಲು ಜಾಗ ಸಿಗುತ್ತದೆ ಎಂದು ನೆಚ್ಚಿದ್ದವರು ಇದರಿಂದ ಅಷ್ಟೇನೂ ಸಂತೋಷಪಡಲಿಲ್ಲ. ಖಾಲಿ ಬರಬೇಕಾದ ಗಾಡಿ ಈಗ ಪರೇಲ್‌ನಲ್ಲೇ ಅರ್ಧ ತುಂಬಿ ಬರುತ್ತದೆ.

2025ರ ಮೇ ತಿಂಗಳಲ್ಲಿ ದಾದರ್ ಹೆಸರಿನ ಮೂರನೆಯ ನಿಲ್ದಾಣ ಬಂತು. ಇದು ನೆಲದಡಿಯಲ್ಲಿ ಓಡುವ ಮೆಟ್ರೊ 3ರದು. ಅಕ್ಟೋಬರ್‌ನಲ್ಲಿ ಆ ಮಾರ್ಗ ಕಫ್ ಪರೇಡ್‌ವರೆಗೆ ಪೂರ್ತಿಯಾಗಿ 33.5 ಕಿ.ಮೀ. ಉದ್ದವಾಯಿತು. ಮೆಟ್ರೊ ನಿಲ್ದಾಣವಿರುವುದು ದಾದರ್ ಪಶ್ಚಿಮದ ಒಳಬೀದಿಗಳಲ್ಲಿ, ಲೋಕಲ್ ನಿಲ್ದಾಣಕ್ಕೆ ತಾಗಿ ಅಲ್ಲ. ಮೆಟ್ರೊದಿಂದ ಮೇಲೆ ಬಂದು ಲೋಕಲ್ ಹಿಡಿಯಬೇಕಾದವನು ಬಟ್ಟೆ ಅಂಗಡಿ, ತರಕಾರಿ ಗಾಡಿ, ಹೂವಿನ ಬುಟ್ಟಿಗಳ ನಡುವೆ ದಾರಿ ಮಾಡಿಕೊಂಡು ನಡೆದು ಬರಬೇಕು; ಬಂದ ಮೇಲೆ ಮತ್ತೆ ಮೆಟ್ಟಿಲು.